ಹಾರಾಟವೂ ಅದರ ಅನುಕರಣವೂ

ಒಂದೇ ನಿಲ್ದಾಣದಲ್ಲಿ ವಿಮಾನ ಇಳಿಯುವ ಎರಡು ವಿಡಿಯೊಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವ ರೂಢಿ ಈಚೆಗೆ ಬಳಕೆಗೆ ಬಂದಿದೆ. ಒಂದು ನಿಜವಾದ ವಿಮಾನದ ಚಾಲಕನ ಕೋಣೆಯಲ್ಲಿ ತೆಗೆದುದು. ಇನ್ನೊಂದು ಸಿಮ್ಯುಲೇಟರ್ ಎಂಬ ಅನುಕರಣ ಸಾಧನದ ಪರದೆಯಿಂದ ಪಡೆದುದು. ಯಾವುದು ನಿಜವೆಂದು ಕೇಳಿದರೆ ತಡವರಿಸುವವರೇ ಹೆಚ್ಚು. ಹಾಗಾದರೆ ಇವೆರಡರ ನಡುವೆ ವ್ಯತ್ಯಾಸವೇ ಇಲ್ಲವೇ? ಇದ್ದರೆ ಅದು ಎಲ್ಲಿ ಅಡಗಿದೆ? ಭೌತವಿಜ್ಞಾನದ ದೃಷ್ಟಿಯಿಂದ ಈ ಪ್ರಶ್ನೆಯನ್ನು ವಿಚಾರಿಸೋಣ.

ಮೊದಲು ನೆಲದ ಚಿತ್ರ. ೨೦೨೦ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಸಿಮ್ಯುಲೇಟರಿನಲ್ಲಿ ಭೂಮಿಯ ಮೇಲ್ಮೈಯನ್ನೆಲ್ಲ ಉಪಗ್ರಹ ಮತ್ತು ವಿಮಾನಗಳಿಂದ ತೆಗೆದ ಛಾಯಾಚಿತ್ರಗಳಿಂದ ರಚಿಸಲಾಗಿದೆ. ಬಹುತೇಕ ಊರುಗಳ ಮನೆಗಳನ್ನೂ ಮರಗಳನ್ನೂ ಆ ಚಿತ್ರಗಳ ಆಧಾರದ ಮೇಲೆ ಕಂಪ್ಯೂಟರ್ ಊಹಿಸಿ ನಿಲ್ಲಿಸುತ್ತದೆ. ಆದರೆ ಛಾಯಾಚಿತ್ರವೆಂಬುದು ಯಾವುದೋ ಒಂದು ದಿನದ್ದು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ದೂಧಗಂಗಾ, ವೇದಗಂಗಾಗಳೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಲಗಳು ನೀರಿನಲ್ಲಿ ಮುಳುಗಿದ್ದುದನ್ನು ವಾಚಕರು ಮರೆತಿರಲಾರರು. ಅಂದು ಮೇಲಿನಿಂದ ತೆಗೆದ ವಿಡಿಯೊದ ಪಕ್ಕದಲ್ಲಿ ಪರದೆಯ ನದಿಯನ್ನಿಟ್ಟರೆ ಅದು ತನ್ನ ಪಾತ್ರದಲ್ಲಿ ಸಾಧುವಾಗಿ ಮಲಗಿರುತ್ತದೆ.

ಇನ್ನೊಂದು ಗುರುತು ಪ್ರೊಪೆಲ್ಲರಿನಲ್ಲಿದೆ. ಸಣ್ಣ ವಿಮಾನದ ಪ್ರೊಪೆಲ್ಲರ್ ನಿಮಿಷಕ್ಕೆ ೨೪೦೦ ಸುತ್ತು, ಎಂದರೆ ಸೆಕೆಂಡಿಗೆ ೪೦ ಸುತ್ತು ತಿರುಗುತ್ತದೆನ್ನೋಣ. ಮೊಬೈಲ್ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಗ್ರಹಿಸುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತ ಹೋಗುತ್ತದೆ. ಈ ಓದಿಗೆ ಸೆಕೆಂಡಿನ ೬೦ರಲ್ಲೊಂದು ಭಾಗ ಹಿಡಿದರೆ ಅಷ್ಟರಲ್ಲಿ ಪ್ರೊಪೆಲ್ಲರ್ ಮೂರನೆಯ ಎರಡಂಶ ಸುತ್ತು, ಅಂದರೆ ೨೪೦ ಡಿಗ್ರಿ, ತಿರುಗಿಬಿಟ್ಟಿರುತ್ತದೆ. ಆದುದರಿಂದಲೇ ಅದರ ನೆಟ್ಟನೆಯ ಅಲಗು ವಿಡಿಯೊದಲ್ಲಿ ಕುಡುಗೋಲಿನಂತೆ ಬಾಗಿ ಕಾಣುತ್ತದೆ. ಸಿಮ್ಯುಲೇಟರಿನ ಪ್ರೊಪೆಲ್ಲರ್ ಸಾಮಾನ್ಯವಾಗಿ ನಯವಾದ ಮಸುಕು ಚಕ್ರ. ಇಲ್ಲಿ ಕ್ಯಾಮೆರಾದ ದೋಷವೇ ಸತ್ಯಕ್ಕೆ ಸಾಕ್ಷಿಯಾಗುವುದು ಒಂದು ವಿನೋದ!

ಗಾಳಿಯೂ ಸುಳಿವು ಕೊಡುತ್ತದೆ. ಬಿಸಿಲು ಏರಿದ ಹೊತ್ತಿನಲ್ಲಿ ಅಥಣಿಯ ಕಡೆಯ ಬರಿದಾದ ಎರೆಭೂಮಿ ಬೇಗ ಕಾಯುತ್ತದೆ. ನೀರುಂಡ ಕಬ್ಬಿನ ಗದ್ದೆ ಅಷ್ಟು ಕಾಯುವುದಿಲ್ಲ. ಒಂದರ ಮೇಲೆ ಗಾಳಿ ಏರುತ್ತದೆ, ಇನ್ನೊಂದರ ಮೇಲೆ ಇಳಿಯುತ್ತದೆ. ಮೇಲೆ ಹಾಯುವ ಸಣ್ಣ ವಿಮಾನ ಕುಲುಕಾಡುತ್ತದೆ. ಈ ಕುಲುಕನ್ನು ಕಂಪ್ಯೂಟರ್ ಲೆಕ್ಕ ಹಾಕಿ ಪರದೆಯ ಮೇಲೆ ತರಬಲ್ಲದು. ಆದರೆ ಮನೆಯ ಕುರ್ಚಿ ಅಲುಗದು. ಚಾಲಕನ ಕೈಗಳನ್ನು ಗಮನಿಸಿರಿ: ನಿಜವಾದ ಹಾರಾಟದಲ್ಲಿ ಕಣ್ಣು ಕಾಣುವುದಕ್ಕೆ ಮೊದಲೇ ಮೈಗೆ ತಗುಲಿದ ಕುಲುಕಿಗೆ ಅವು ಓಗೊಡುತ್ತವೆ.

ಇಲ್ಲಿಗೆ ನಾವು ಮುಖ್ಯ ವಿಷಯಕ್ಕೆ ಬಂದೆವು. ಕ್ಯಾಮೆರಾ ಗ್ರಹಿಸುವುದು ಬೆಳಕನ್ನು ಮಾತ್ರ, ಬಲವನ್ನಲ್ಲ. ವಿಮಾನ ೬೦ ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗುವಾಗ ಎರಡು ವಿಡಿಯೊಗಳಲ್ಲಿಯೂ ದಿಗಂತ ಒಂದೇ ರೀತಿ ಓರೆಯಾಗುತ್ತದೆ. ಆದರೆ ಆಗ ರೆಕ್ಕೆಗಳು ವಿಮಾನದ ಭಾರದ ಎರಡರಷ್ಟು ಬಲವನ್ನು ಒದಗಿಸಬೇಕು. ೬೦ ಡಿಗ್ರಿಯ ಕೋಸೈನ್ ಅರ್ಧವಷ್ಟೆ. ೫೦ ಕಿಲೋಗ್ರಾಂ ತೂಗುವ ವಿದ್ಯಾರ್ಥಿಗೆ ತಾನು ೧೦೦ ಕಿಲೋಗ್ರಾಂ ತೂಗುತ್ತಿರುವಂತೆ ಆಸನದ ಒತ್ತಡ ತಿಳಿಯುತ್ತದೆ. ವಿಡಿಯೊದಲ್ಲಿ ಇದರ ಲವಲೇಶವೂ ಇಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನ ಹಳೆಯದು. ಅಮೆರಿಕದಲ್ಲಿ ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದ ಮನೆತನದ ಎಡ್ವಿನ್ ಲಿಂಕ್ ೧೯೨೯ರ ಸುಮಾರಿಗೆ ಅದೇ ವಾದ್ಯದ ತಿದಿಗಳಿಂದ ಅಲುಗಾಡುವ ಪುಟ್ಟ ವಿಮಾನಪೆಟ್ಟಿಗೆಯನ್ನು ನಿರ್ಮಿಸಿದನು. ಇಂದಿನ ದೊಡ್ಡ ತರಬೇತಿ ಸಿಮ್ಯುಲೇಟರುಗಳು ಆರು ಕಾಲುಗಳ ಪೀಠದ ಮೇಲೆ ನಿಂತಿರುತ್ತವೆ. ಅಂಥ ಪೀಠವನ್ನು ಈ ಕೆಲಸಕ್ಕೆ ೧೯೬೫ರಲ್ಲಿ ಸ್ಟೀವರ್ಟ್ ಎಂಬಾತ ಸೂಚಿಸಿದನು. ಈ ಪೀಠ ಕೆಲವು ಅಡಿಗಳಿಗಿಂತ ಹೆಚ್ಚು ಸರಿಯಲಾರದು. ಹೀಗಿರಲಾಗಿ, ರನ್‌ವೇ ಮೇಲೆ ಅರ್ಧ ನಿಮಿಷ ಧಾವಿಸುವ ಅನುಭವ ಅದರಿಂದ ಹೇಗೆ ಬಂದೀತು?

ಉತ್ತರ ಸೊಗಸಾಗಿದೆ. ಜೆಟ್ ವಿಮಾನದ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ೨ ಮೀಟರ್ ಎಂದು ಭಾವಿಸೋಣ. ಗುರುತ್ವದ ವೇಗೋತ್ಕರ್ಷ ೯.೮. ಇವೆರಡೂ ಕೂಡಿ, ಕುಳಿತವನಿಗೆ 'ಕೆಳಗು' ಎಂಬ ದಿಕ್ಕು ಸುಮಾರು ೧೧.೫ ಡಿಗ್ರಿ ಹಿಂದಕ್ಕೆ ಸರಿದಂತಾಗುತ್ತದೆ. ಆದುದರಿಂದ ಪರದೆಯಲ್ಲಿ ದಿಗಂತವನ್ನು ಸಮವಾಗಿಯೇ ಇಟ್ಟು, ಪೆಟ್ಟಿಗೆಯನ್ನು ಮೆಲ್ಲಗೆ ಅಷ್ಟೇ ಡಿಗ್ರಿ ಹಿಂದಕ್ಕೆ ವಾಲಿಸಿದರೆ ಸಾಕು. ಬೆನ್ನು ಆಸನಕ್ಕೆ ಒತ್ತುತ್ತದೆ, ಮನಸ್ಸು 'ಧಾವಿಸುತ್ತಿದ್ದೇನೆ' ಎನ್ನುತ್ತದೆ. ಬಲದ ಪ್ರಮಾಣದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಎರಡು ಮಾತ್ರ. ಆದರೆ ೬೦ ಡಿಗ್ರಿ ತಿರುವಿನ ಇಮ್ಮಡಿ ಭಾರವನ್ನು ಹೀಗೆ ತರಲಾಗದು. ಪೆಟ್ಟಿಗೆಯನ್ನು ಎತ್ತ ವಾಲಿಸಿದರೂ ಗುರುತ್ವ ಹೆಚ್ಚುವುದಿಲ್ಲವಷ್ಟೆ.

ಇದೇ ಮೋಸ ತಿರುಗಿ ಬಿದ್ದರೆ ಪ್ರಾಣಾಂತಿಕ. ನಮ್ಮ ಒಳಗಿವಿಯ ಸುಣ್ಣದ ಹರಳುಗಳಿಗೆ ವೇಗೋತ್ಕರ್ಷಕ್ಕೂ ವಾಲುವಿಕೆಗೂ ಭೇದ ತಿಳಿಯದು. ಕತ್ತಲೆಯಲ್ಲಿ, ದಿಗಂತ ಕಾಣದಿರುವಾಗ, ವೇಗ ಹೆಚ್ಚಿಸಿಕೊಳ್ಳುತ್ತಿರುವ ವಿಮಾನದ ಮೂತಿ ಮೇಲೇರುತ್ತಿದೆಯೆಂದು ಚಾಲಕನಿಗೆ ಭ್ರಮೆಯಾಗುತ್ತದೆ. ಅವನು ಅದನ್ನು ಕೆಳಕ್ಕೆ ಒತ್ತುತ್ತಾನೆ. ೨೦೦೦ದ ಆಗಸ್ಟ್ ೨೩ರ ರಾತ್ರಿ ಬಹರೈನಿನಲ್ಲಿ ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮೇಲೇರುತ್ತಿದ್ದ ಗಲ್ಫ್ ಏರ್ ವಿಮಾನ ಸಮುದ್ರಕ್ಕೆ ಬಿದ್ದು ೧೪೩ ಜನ ಮಡಿದರು. ತನಿಖೆ ಗುರುತಿಸಿದ ಕಾರಣಗಳಲ್ಲಿ ದಿಕ್ಕಿನ ಇಂಥ ಭ್ರಮೆಯೂ ಒಂದು. ಅದರ ಕೊನೆಯ ಕ್ಷಣಗಳನ್ನು ವಿಡಿಯೊದಲ್ಲಿ ಎಷ್ಟು ನಿಖರವಾಗಿ ಮರುರಚಿಸಿದರೂ, ಆ ಚಾಲಕನ ಮೈಗೆ ತೋರಿದ್ದು ನೋಡುವವನ ಮೈಗೆ ತೋರದು. ವಿಡಿಯೊ ನೋಡಿಯೇ ಹಾರಾಟ ಕಲಿತೆನೆಂದು ನಂಬುವ ತರುಣರು ಇದನ್ನು ಗಮನಿಸಬೇಕು.

ನಮ್ಮ ಜಿಲ್ಲೆಯ ಸಾಂಬ್ರಾ ನಿಲ್ದಾಣದ ಮಾತೊಂದು. ಅದು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ನೂರಕ್ಕೆ ಸುಮಾರು ಏಳರಷ್ಟು ತೆಳು. ಆದುದರಿಂದ ವೇಗಮಾಪಕ ಕರಾವಳಿಯಲ್ಲಿ ತೋರಿಸುವ ಅಂಕೆಯನ್ನೇ ತೋರಿಸುತ್ತಿದ್ದರೂ ನೆಲ ನೂರಕ್ಕೆ ಸುಮಾರು ನಾಲ್ಕರಷ್ಟು ಹೆಚ್ಚು ವೇಗದಲ್ಲಿ ಹಿಂದೆ ಸರಿಯುತ್ತದೆ. ಒಳ್ಳೆಯ ಸಿಮ್ಯುಲೇಟರ್ ಇದನ್ನು ತಪ್ಪದೆ ತೋರಿಸುತ್ತದೆ. ಇಂಥ ಲೆಕ್ಕದಲ್ಲಿ ಅದು ಪ್ರಾಮಾಣಿಕ.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ದಾರದ ತುದಿಗೆ ಬೀಗದ ಕೈ ಕಟ್ಟಿ ತೂಗಬಿಟ್ಟು, ಬಸ್ಸು ಹೊರಡುವಾಗ ದಾರ ಎಷ್ಟು ವಾಲುವುದೆಂದು ಕೋನಮಾಪಕದಿಂದ ಅಳೆಯಿರಿ. ೬ ಡಿಗ್ರಿ ವಾಲಿದರೆ ವೇಗೋತ್ಕರ್ಷ ಸುಮಾರು ೧ ಮೀಟರ್. ಬಳಿಕ ಏರುದಾರಿಯಲ್ಲಿ ಬಸ್ಸು ನಿಂತಿರುವಾಗಲೂ ಅಳೆಯಿರಿ. ದಾರವನ್ನು ಮಾತ್ರ ವಿಡಿಯೊ ತೆಗೆದು, ಯಾವುದು ಓಟ, ಯಾವುದು ಏರು ಎಂದು ಗೆಳೆಯರನ್ನು ಕೇಳಿರಿ.