ದನಿ ಅಂಕಿತ ಮಾತ್ರ, ಸಾಕ್ಷಿ ಅಲ್ಲ: ಎಐ ಕಾಲದ ಸೈಬರ್ ದಾಳಿ ಮತ್ತು ಕಾವಲು

ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನಿಂದ ಬಂದವರು. ಫಿಶಿಂಗ್, ಮಾಲ್‌ವೇರ್, ಆಥೆಂಟಿಕೇಶನ್ ಅಂದರೆ ಏನು ಅಂತ ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆಯೋಕೆ ನಮಗೆ ಬರುತ್ತೆ. ಆದರೆ ಊರಿನಲ್ಲಿ ಯಾರಾದರೂ "ಬ್ಯಾಂಕಿನವ್ರು ಅಂತ ಒಬ್ಬಾತ ಮಾತಾಡ್ಲಿಕತ್ಯಾನ, ನಂಬಬೇಕಾ ಬ್ಯಾಡಾ?" ಅಂತ ಕೇಳಿದರೆ, ಕನ್ನಡದಲ್ಲಿ ಎರಡು ಮಾತು ಸರಿಯಾಗಿ ಹೇಳೋಕೆ ತಡವರಿಸ್ತೀವಿ. ಎಐ ಬಂದ ಮೇಲೆ ದಾಳಿಯಲ್ಲಿ ಏನು ಬದಲಾಗಿದೆ, ಕಾವಲಿನಲ್ಲಿ ಏನು ಬದಲಾಗಿದೆ, ರಾಯಚೂರು, ಮಾನ್ವಿ, ದೇವದುರ್ಗದ ನಮ್ಮ ಮನೆಗಳಿಗೆ ಇದರಿಂದ ಏನಾಗುತ್ತೆ ಅಂತ ಈ ಪಾಠದಲ್ಲಿ ಒಂದೊಂದಾಗಿ ನೋಡೋಣ.

ನಮ್ಮನ್ನು ಕಾಯುತ್ತಿದ್ದ ಮೂರು ಗೋಡೆಗಳು

ಎಐ ಹೊಸ ಮೋಸವನ್ನೇನೂ ಕಂಡುಹಿಡಿದಿಲ್ಲ. ಸುಳ್ಳು ಹೇಳಿ ದುಡ್ಡು ಹೊಡೆಯೋದು ಹಳೇ ಕಸುಬು. ಎಐ ಮಾಡಿದ್ದು ಇಷ್ಟೇ: ನಮಗೆ ಗೊತ್ತಿಲ್ಲದಂತೆಯೇ ನಮ್ಮನ್ನು ಕಾಯುತ್ತಿದ್ದ ಮೂರು ಗೋಡೆಗಳನ್ನು ಕೆಡವಿದೆ.

ಮೊದಲನೆಯದು ಭಾಷೆಯ ಗೋಡೆ. ಮೊದಲು ಮೋಸದ ಮೆಸೇಜು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತಿತ್ತು. ಕನ್ನಡದಲ್ಲಿ ಬಂದರೂ ಓದಿದ ಕೂಡಲೇ "ಇದು ಯಾರೋ ಮಷೀನ್ ಹಾಕಿ ತಿರುಗಿಸಿದ್ದು" ಅಂತ ಗೊತ್ತಾಗುತ್ತಿತ್ತು. ಈಗಿನ ಭಾಷಾ ಮಾಡೆಲ್‌ಗಳು ತಪ್ಪಿಲ್ಲದ ಕನ್ನಡ ಬರೆಯುತ್ತವೆ. ತಪ್ಪು ಕಾಗುಣಿತ ಕಂಡರೆ ಮೋಸ ಅನ್ನೋ ಹಳೇ ಸಲಹೆ ಇನ್ನು ಸಾಲದು.

ಎರಡನೆಯದು ಶ್ರಮದ ಗೋಡೆ. ಒಬ್ಬ ಮನುಷ್ಯನ ಹೆಸರು, ಊರು, ಕೆಲಸ ತಿಳಿದುಕೊಂಡು ಅವನಿಗೇ ಹೊಂದುವ ಮೆಸೇಜು ಬರೆಯೋಕೆ ಮೊದಲು ಗಂಟೆಗಟ್ಟಲೆ ಬೇಕಿತ್ತು. ಹಾಗಾಗಿ ದೊಡ್ಡ ಕಂಪನಿಯ ಸಾಹೇಬರಿಗೆ ಮಾತ್ರ ಅಂಥ ಬಲೆ ಬೀಳುತ್ತಿತ್ತು. ಈಗ ಸಾವಿರ ಜನಕ್ಕೆ ಸಾವಿರ ಬೇರೆ ಬೇರೆ ಮೆಸೇಜು ಬರೆಯೋದು ಮಷೀನಿಗೆ ಕೆಲವು ನಿಮಿಷದ ಕೆಲಸ. ಮಾನ್ವಿಯ ಒಬ್ಬ ಭತ್ತದ ವ್ಯಾಪಾರಿಗೂ ಅವರಿಗೇ ಅಳತೆ ಕೊಟ್ಟು ಹೊಲಿಸಿದಂಥ ಮೆಸೇಜು ಬರಬಹುದು.

ಮೂರನೆಯದು ದನಿ ಮತ್ತು ಮುಖದ ಗೋಡೆ. ಇದು ಎಲ್ಲಕ್ಕಿಂತ ಗಟ್ಟಿ ಅಂತ ನಾವೆಲ್ಲ ನಂಬಿದ್ದೆವು.

ದನಿ ಹೇಗೆ ನಕಲಾಗುತ್ತದೆ?

ಒಬ್ಬರ ಮಾತನ್ನು ಕಂಪ್ಯೂಟರ್ ಕೇಳಿಸಿಕೊಂಡು, ಆ ದನಿಯ ಏರಿಳಿತ, ಗಡಸು, ವೇಗ ಇವನ್ನೆಲ್ಲ ಅಂಕಿಗಳ ಒಂದು ಪಟ್ಟಿಯಾಗಿ ಮಾಡಿಕೊಳ್ಳುತ್ತದೆ. ನಾವು ಮ್ಯಾಥ್ಸ್‌ನಲ್ಲಿ ಓದುವ ವೆಕ್ಟರ್ ಅಂದರೆ ಇದೇ. ಆಮೇಲೆ ಇನ್ನೊಂದು ಮಾಡೆಲ್ ಯಾವುದೇ ಬರಹವನ್ನು ಆ ವೆಕ್ಟರಿನ ದನಿಯಲ್ಲಿ ಓದಿ ಹೇಳುತ್ತದೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ತೋರಿಸಿದ ವಾಲ್-ಈ ಮಾಡೆಲ್‌ಗೆ ಬರೀ 3 ಸೆಕೆಂಡಿನ ಮಾದರಿ ದನಿ ಸಾಕಾಗಿತ್ತು. ನಾವು ಹಾಕುವ ಒಂದು ರೀಲ್ಸ್‌ನಲ್ಲಿ ಅದಕ್ಕಿಂತ ಹೆಚ್ಚು ಮಾತು ಇರುತ್ತದೆ.

ಮೂರು ನಿಜ ಪ್ರಕರಣ ನೋಡಿ. 2023ರ ಜುಲೈಯಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಒಬ್ಬ ನಿವೃತ್ತರಿಗೆ ಹಳೇ ಸಹೋದ್ಯೋಗಿಯ ಮುಖ ಇದ್ದ ವಾಟ್ಸಾಪ್ ವಿಡಿಯೋ ಕಾಲ್ ಬಂತು. ಆಸ್ಪತ್ರೆ ಖರ್ಚಿಗೆ ಅಂತ ಕೇಳಿದ್ದಕ್ಕೆ 40,000 ರೂಪಾಯಿ ಕಳಿಸಿದರು. ಮತ್ತೆ ದುಡ್ಡು ಕೇಳಿದಾಗ ಅನುಮಾನ ಬಂದು, ಗೆಳೆಯನ ನಿಜವಾದ ನಂಬರಿಗೆ ಫೋನ್ ಹಚ್ಚಿದರು. ಮೋಸ ಬಯಲಾಯಿತು.

2024ರ ಆರಂಭದಲ್ಲಿ ಸುದ್ದಿಯಾದ ಹಾಂಗ್‌ಕಾಂಗ್ ಪ್ರಕರಣದಲ್ಲಿ ಅರೂಪ್ ಅನ್ನುವ ಎಂಜಿನಿಯರಿಂಗ್ ಕಂಪನಿಯ ಉದ್ಯೋಗಿಯೊಬ್ಬರು ವಿಡಿಯೋ ಮೀಟಿಂಗ್‌ನಲ್ಲಿ ಕೂತಿದ್ದರು. ಪರದೆಯ ಮೇಲಿದ್ದ ಅಧಿಕಾರಿಗಳು ನಕಲಿ. ಅವರ ಮಾತು ನಂಬಿ ಸುಮಾರು 2.5 ಕೋಟಿ ಡಾಲರ್ ಕಳಿಸಿಬಿಟ್ಟರು. ಆಮೇಲೆ ಮುಖ್ಯ ಕಚೇರಿಯನ್ನು ವಿಚಾರಿಸಿದಾಗ ವಿಷಯ ಹೊರಬಂತು.

ಅದೇ ವರ್ಷ ಜುಲೈಯಲ್ಲಿ ಫೆರಾರಿ ಕಂಪನಿಯ ಅಧಿಕಾರಿಯೊಬ್ಬರಿಗೆ ಅವರ ಸಿಇಒ ದನಿಯಲ್ಲೇ ಕರೆ ಬಂತು. ಇವರು ಒಂದೇ ಪ್ರಶ್ನೆ ಕೇಳಿದರು: "ಕೆಲವು ದಿನದ ಹಿಂದೆ ನನಗೆ ಓದು ಅಂತ ಹೇಳಿದ ಪುಸ್ತಕ ಯಾವುದು?" ಕರೆ ಕಟ್ಟಾಯಿತು. ಒಂದು ಪೈಸೆಯೂ ಹೋಗಲಿಲ್ಲ.

ಈ ಮೂರರಲ್ಲೂ ಮೋಸವನ್ನು ಹಿಡಿದದ್ದು ಕಣ್ಣಲ್ಲ, ಕಿವಿಯಲ್ಲ. ಬೇರೆ ದಾರಿಯಿಂದ ವಿಚಾರಿಸಿದ್ದು. ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಡಿ.

ನಮ್ಮ ನೆಲದ್ದೇ ಒಂದು ಉದಾಹರಣೆ

ಮಾನ್ವಿ, ದೇವದುರ್ಗ ಅಂದರೆ ದಾಸಸಾಹಿತ್ಯದ ನೆಲ. ಚೀಕಲಪರವಿಯ ವಿಜಯದಾಸರ ಅಂಕಿತ ವಿಜಯವಿಠಲ. ಮೊಸರಕಲ್ಲಿನ ಗೋಪಾಲದಾಸರದು ಗೋಪಾಲವಿಠಲ. ಮಾನ್ವಿಯ ಜಗನ್ನಾಥದಾಸರದು ಜಗನ್ನಾಥವಿಠಲ. ಹಾಡಿನ ಕೊನೆಯ ಅಂಕಿತ ಕೇಳಿದ ಕೂಡಲೇ ಇದು ಇಂಥವರದು ಅಂತ ಹೇಳ್ತೀವಿ. ಆದರೆ ಯಾರು ಬೇಕಾದರೂ ಒಂದು ಹಾಡು ಕಟ್ಟಿ ಕೊನೆಗೆ ಆ ಅಂಕಿತ ಸೇರಿಸಬಹುದಲ್ಲ? ಅದಕ್ಕೇ ವಿದ್ವಾಂಸರು ಅಂಕಿತ ಒಂದನ್ನೇ ನೋಡಿ ಬಿಡುವುದಿಲ್ಲ. ಹಸ್ತಪ್ರತಿ ನೋಡುತ್ತಾರೆ, ಶೈಲಿ ನೋಡುತ್ತಾರೆ, ಬೇರೆ ಕಡೆ ಪಾಠ ಹೇಗಿದೆ ಅಂತ ಹೋಲಿಸುತ್ತಾರೆ.

ಕಂಪ್ಯೂಟರ್ ಸೈನ್ಸ್‌ನಲ್ಲೂ ಈ ವ್ಯತ್ಯಾಸವೇ ಇದೆ. "ನಾನು ಇಂಥವನು" ಅನ್ನೋದು ಗುರುತು. ಅದನ್ನು ಸಾಬೀತು ಮಾಡೋದು ಆಥೆಂಟಿಕೇಶನ್. ಎಐ ಬಂದ ಮೇಲೆ ದನಿ, ಮುಖ ಎರಡೂ ಅಂಕಿತದ ಮಟ್ಟಕ್ಕೆ ಇಳಿದಿವೆ. ಅವು ಗುರುತು ಹೇಳುತ್ತವೆ, ಸಾಬೀತು ಮಾಡುವುದಿಲ್ಲ.

ಕಾವಲಿನ ಕಡೆ ಎಐ ಏನು ಮಾಡುತ್ತಿದೆ?

ಕಳ್ಳನ ಕೈಗೆ ಬಂದ ಆಯುಧ ಕಾವಲುಗಾರನ ಕೈಗೂ ಬಂದಿದೆ. ಮೋಸದ ದುಡ್ಡು ನೇರ ಕಳ್ಳನ ಖಾತೆಗೆ ಹೋಗುವುದಿಲ್ಲ. ಕಮಿಷನ್ ಆಸೆಗೆ ಬೇರೆಯವರು ಬಾಡಿಗೆಗೆ ಕೊಟ್ಟ ಖಾತೆಗಳ ಮೂಲಕ ಹಾದು ಹೋಗುತ್ತದೆ. ಇವಕ್ಕೆ ಮ್ಯೂಲ್ ಖಾತೆ ಅಂತಾರೆ. ಇವನ್ನು ಪತ್ತೆ ಮಾಡೋಕೆ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೋವೇಶನ್ ಹಬ್ ಮ್ಯೂಲ್‌ಹಂಟರ್ ಡಾಟ್ ಎಐ ಅನ್ನುವ ವ್ಯವಸ್ಥೆ ಕಟ್ಟಿದೆ. 2024ರ ಸೆಪ್ಟೆಂಬರಿನಿಂದ ಏರ್‌ಟೆಲ್ ಎಐ ಬಳಸಿ ಸ್ಪ್ಯಾಮ್ ಕರೆಗಳಿಗೆ ಎಚ್ಚರಿಕೆ ತೋರಿಸುತ್ತಿದೆ. ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ತನ್ನ ಬಿಗ್ ಸ್ಲೀಪ್ ಅನ್ನುವ ಎಐ, ಎಸ್‌ಕ್ಯೂಲೈಟ್ ಸಾಫ್ಟ್‌ವೇರ್‌ನಲ್ಲಿ ಯಾರಿಗೂ ಕಾಣದ ದೋಷ ಹುಡುಕಿದೆ ಅಂತ ತಿಳಿಸಿತು. ನಮ್ಮ ಫೋನುಗಳ ಒಳಗೆಲ್ಲ ಇರುವ ಡೇಟಾಬೇಸ್ ಅದು.

ಹಾಗಾದರೆ ಮಷೀನೇ ಎಲ್ಲ ನೋಡಿಕೊಳ್ಳುತ್ತಾ? ಒಂದು ಲೆಕ್ಕ ಮಾಡೋಣ. ಇಲ್ಲಿರುವ ಅಂಕಿಗಳು ಲೆಕ್ಕಕ್ಕೆ ಅಂತ ನಾವೇ ಹಿಡಿದವು.

ಒಂದು ದಿನಕ್ಕೆ 1,00,000 ವ್ಯವಹಾರ. ಅದರಲ್ಲಿ ಮೋಸದವು 100.
ಮಾಡೆಲ್ ನೂರಕ್ಕೆ 95 ಮೋಸ ಹಿಡಿಯುತ್ತದೆ: 95 ಸಿಕ್ಕವು.
ಉಳಿದ 99,900 ಒಳ್ಳೆ ವ್ಯವಹಾರದಲ್ಲಿ ನೂರಕ್ಕೆ 1ರಲ್ಲಿ ಸುಮ್ಮನೆ ಗಂಟೆ ಬಾರಿಸುತ್ತದೆ: 999.
ಒಟ್ಟು ಗಂಟೆ 1,094. ಅದರಲ್ಲಿ ನಿಜವಾದವು 95.

ಅಂದರೆ ನೂರು ಸಲ ಗಂಟೆ ಹೊಡೆದರೆ ಸುಮಾರು 9 ಸಲ ಮಾತ್ರ ಕಳ್ಳ. ಪ್ರಾಬಬಿಲಿಟಿ ಕ್ಲಾಸಿನ ಬೇಯ್ಸ್ ಸೂತ್ರ ಇದನ್ನೇ ಹೇಳುತ್ತದೆ. ಇಷ್ಟು ಒಳ್ಳೆ ಮಾಡೆಲ್ ಇದ್ದರೂ ಮನುಷ್ಯರು ಕೂತು ಪರಿಶೀಲಿಸಲೇಬೇಕು.

ಇದರಲ್ಲಿ ನಮ್ಮ ಭಾಗದವರಿಗೆ ಒಂದು ತೊಡಕಿದೆ. ಊರಿನ ರೈತರ ಖಾತೆ ನೆನೆಸಿಕೊಳ್ಳಿ. ವರ್ಷಪೂರ್ತಿ ಸಣ್ಣ ಸಣ್ಣ ವ್ಯವಹಾರ. ಹತ್ತಿ ಅಥವಾ ಭತ್ತ ಮಾರಿದ ದಿನ ಒಮ್ಮೆಲೇ ಮೂರು ಲಕ್ಷ ಬರುತ್ತೆ. ಮರುದಿನ ಗೊಬ್ಬರದ ಬಾಕಿ, ಸಾಲ, ಮಗನ ಫೀಸು ಅಂತ ಅಷ್ಟೂ ಹೋಗುತ್ತೆ. ಮ್ಯೂಲ್ ಖಾತೆಯ ಲಕ್ಷಣವೂ ಹೀಗೇ: ಒಮ್ಮೆಲೇ ಬರೋದು, ಬೇಗ ಹೋಗೋದು. ತಿಂಗಳ ಸಂಬಳದ ಖಾತೆಗಳನ್ನೇ ನೋಡಿ ಕಲಿತ ಮಾಡೆಲ್‌ಗೆ ಸುಗ್ಗಿಯ ಲೆಕ್ಕ ಅನುಮಾನ ಹುಟ್ಟಿಸಬಹುದು. ಬಿತ್ತನೆ ಹೊತ್ತಿನಲ್ಲಿ ಖಾತೆ ನಿಂತರೆ ಅದರ ನಷ್ಟ ರೈತನಿಗೇ. ಆದ್ದರಿಂದ ಕಾವಲಿನ ಎಐಗೆ ನಮ್ಮ ಊರಿನ ಹಂಗಾಮು ಗೊತ್ತಿರಬೇಕು.

ಭಾಷೆಯ ತೊಡಕೂ ಇದೆ. ನಮ್ಮವರ ವಾಟ್ಸಾಪ್ ಮೆಸೇಜಿನಲ್ಲಿ ಕನ್ನಡ ಇಂಗ್ಲಿಷ್ ಅಕ್ಷರದಲ್ಲಿರುತ್ತೆ, ನಡುವೆ ಉರ್ದು, ತೆಲುಗು ಪದ ಇರುತ್ತೆ, ಒಂದೇ ಪದಕ್ಕೆ ನಾಲ್ಕು ಸ್ಪೆಲ್ಲಿಂಗ್ ಇರುತ್ತೆ. ಇಂಗ್ಲಿಷ್ ಮೆಸೇಜು ನೋಡಿ ಕಲಿತ ಫಿಲ್ಟರಿಗೆ ಇದನ್ನು ಜರಡಿ ಹಿಡಿಯೋದು ಕಷ್ಟ.

ಮನೆಯಲ್ಲಿ ಹೇಳಬೇಕಾದ್ದು

ಈಗ ಮೊದಲು ಹೇಳಿದ ಎರಡು ಮಾತಿಗೆ ಬರೋಣ. ದುಡ್ಡು ಅಥವಾ ಓಟಿಪಿ ಕೇಳುವ ಕರೆ ಬಂದರೆ: "ಫೋನ್ ಇಡ್ರಿ. ನಿಮ್ಮ ಹತ್ರ ಮೊದಲೇ ಇರೋ ನಂಬರಿಗೆ ನೀವೇ ತಿರುಗಿ ಹಚ್ರಿ." ಇಷ್ಟೇ. ದನಿ ಯಾರದೇ ಇರಲಿ, ಅಳು ಎಷ್ಟೇ ಇರಲಿ, ನಿಯಮ ಒಂದೇ.

ಇದರ ಜೊತೆ ಇನ್ನು ನಾಲ್ಕು:

1. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳಿ. ಉತ್ತರ ಫೇಸ್‌ಬುಕ್‌ನಲ್ಲಿ ಸಿಗುವಂಥದ್ದು ಆಗಬಾರದು. ಫೆರಾರಿಯವರನ್ನು ಉಳಿಸಿದ್ದು ಇದೇ.

2. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಒತ್ತಬೇಡಿ. ಪಿಎಂ ಕಿಸಾನ್, ಮದುವೆ ಕಾರ್ಡ್, ಟ್ರಾಫಿಕ್ ದಂಡ ಅಂತ ಹೆಸರು ಇರುತ್ತೆ. ಒಳಗೆ ಇರೋದು ಒಂದು ಆ್ಯಪ್. ಎಸ್‌ಎಂಎಸ್ ಓದುವ ಪರ್ಮಿಷನ್ ಕೊಟ್ಟರೆ ನಿಮ್ಮ ಓಟಿಪಿ ಅವರಿಗೂ ಹೋಗುತ್ತೆ.

3. "ಡಿಜಿಟಲ್ ಅರೆಸ್ಟ್" ಅಂತ ಕಾನೂನಿನಲ್ಲಿ ಏನೂ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಇದನ್ನೇ ಹೇಳಿದರು. ಅಲ್ಲಿ ಕೇಳಿಸಿದ್ದು ನಮ್ಮ ವಿಜಯಪುರದ ಒಬ್ಬರಿಗೆ ಬಂದಿದ್ದ ಮೋಸದ ಕರೆ.

4. ದುಡ್ಡು ಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮುಂಚೆ ತಿಳಿಸಿದರೆ ತಡೆಹಿಡಿಯುವ ಅವಕಾಶ ಇರುತ್ತೆ.

ನಾವು ಎಂಜಿನಿಯರಿಂಗ್ ಹುಡುಗರು ಏನು ಮಾಡಬಹುದು?

ಮಿನಿ ಪ್ರಾಜೆಕ್ಟ್ ಬಂದರೆ ಸಾಮಾನ್ಯವಾಗಿ ಇಂಗ್ಲಿಷ್ ಸ್ಪ್ಯಾಮ್ ಡೇಟಾಸೆಟ್ ಇಳಿಸಿಕೊಂಡು ಮಾಡೆಲ್ ಓಡಿಸಿ ಬಿಡ್ತೀವಿ. ಅದರ ಬದಲು ನಮ್ಮ ಮನೆಗಳಿಗೆ ಬಂದ ಕನ್ನಡ ಮೋಸದ ಮೆಸೇಜುಗಳನ್ನು ಕೂಡಿಸಬಹುದು. ಹೆಸರು, ನಂಬರು, ಖಾತೆ ವಿವರ ತೆಗೆದುಹಾಕಿ, ಕಳಿಸಿದವರ ಒಪ್ಪಿಗೆ ಪಡೆದು, ಇದು ಮೋಸ, ಇದು ಅಲ್ಲ ಅಂತ ಗುರುತು ಹಾಕಬಹುದು. ರಾಯಚೂರಿನ ಕನ್ನಡ ಯಾವುದು, ಮಷೀನ್ ಬರೆದ ಕನ್ನಡ ಯಾವುದು ಅಂತ ಹೇಳೋಕೆ ಇಲ್ಲಿ ಬೆಳೆದವರೇ ಬೇಕು. ಐನೂರು ಮೆಸೇಜು ಸಿಕ್ಕರೂ ಒಂದು ಶುರುವಾತು. ಆಸಕ್ತಿ ಇದ್ದವರು ನಿಮ್ಮ ಮನೆಯ ಫೋನುಗಳಲ್ಲಿ ಇಂಥ ಮೆಸೇಜು ಏನೇನಿದೆ ಅಂತ ಈ ವಾರವೇ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಕ್ಲಬ್ಬಿಗೆ ಬನ್ನಿ.