ಹಡಗಲಿ ಮಲ್ಲಿಗೆ ಘಮದ ಗ್ರೀನ್ ಟೀ ಮಿಲ್ಕ್‌ಶೇಕ್

ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಹಾಗೆಯೇ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವು ಹಡಗಲಿ ಮಲ್ಲಿಗೆ. ಹಿಂದೆ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಸಾಗುತ್ತಿತ್ತೆಂದು ಹೂವಿನಹಡಗಲಿಯವರು ಇಂದಿಗೂ ಹೇಳುತ್ತಾರೆ. ಇಷ್ಟೆಲ್ಲ ಹೆಸರಿರುವ ಹೂವು ಮುಡಿಗೇರುತ್ತದೆ, ಗುಡಿಗೆ ಹೋಗುತ್ತದೆ, ಮದುವೆ ಹಂದರದಲ್ಲಿ ತೂಗುತ್ತದೆ. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವುದಿಲ್ಲ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ನಮ್ಮ ಕಡೆ ಬೇಸಿಗೆಗೆ ಒಪ್ಪುವ ಒಂದು ತಂಪು ಪಾನೀಯಕ್ಕೆ ಈ ಹೂವಿನ ಘಮ ತುಂಬಾ ಚೆನ್ನಾಗಿ ಹೊಂದುತ್ತದೆ: ಕೆನೆ ಹಾಕಿ ಕಡೆದ ಗ್ರೀನ್ ಟೀ ಮಿಲ್ಕ್‌ಶೇಕ್.

ಇದರಲ್ಲಿ ನೆನಪಿಡಬೇಕಾದ್ದು ಒಂದೇ. ಮಲ್ಲಿಗೆಯನ್ನು ಕುದಿಸಬಾರದು. ಕುದಿಸಿದರೆ ಘಮವೆಲ್ಲ ಹಬೆಯ ಜೊತೆ ಹಾರಿಹೋಗಿ ಬೇಯಿಸಿದ ಸೊಪ್ಪಿನ ವಾಸನೆ, ಒಂದಿಷ್ಟು ಕಹಿ ಉಳಿಯುತ್ತದೆ. ಹೂವನ್ನು ಒಣ ಚಹಾ ಎಲೆಯ ಜೊತೆ ಒಂದು ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಹೂವು ತೆಗೆದುಬಿಡಬೇಕು. ಚೀನಾದ ಫುಜಿಯಾನ್ ಪ್ರಾಂತ್ಯದ ಫುಝೌ ನಗರದ ಸುತ್ತ ಶತಮಾನಗಳಿಂದ ಮಾಡುವುದು ಇದನ್ನೇ. ಅಲ್ಲಿ ಹಗಲು ಮೊಗ್ಗು ಬಿಡಿಸುತ್ತಾರೆ, ಸಂಜೆ ಅವು ಬಿರಿಯುವ ಹೊತ್ತಿಗೆ ಹಸಿರು ಚಹಾದೊಂದಿಗೆ ಪದರ ಪದರವಾಗಿ ಹರಡುತ್ತಾರೆ, ಬೆಳಗಾಗುವಾಗ ಬಾಡಿದ ಹೂವು ಆರಿಸಿ ಚಹಾವನ್ನು ಒಣಗಿಸುತ್ತಾರೆ. ಒಳ್ಳೆಯ ಚಹಾಕ್ಕೆ ಹೊಸ ಹೊಸ ಹೂವಿನೊಂದಿಗೆ ಹಲವು ರಾತ್ರಿ ಇದೇ ಕೆಲಸ ನಡೆಯುತ್ತದೆ. ಈ ಪದ್ಧತಿಯನ್ನು 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಬಳಸುವುದು ನಾವು ದುಂಡುಮಲ್ಲಿಗೆ ಎನ್ನುವ ಜಾತಿಯನ್ನು. ಘಮ ಕೊಡುವ ಕೆಲಸಕ್ಕೆ ನಮ್ಮ ಹಡಗಲಿಯ ವಾಸನೆ ಮಲ್ಲಿಗೆ ಏನೂ ಕಡಿಮೆಯಲ್ಲ.

ಹೂವು ಎಲ್ಲಿಯದು?

ಮಾಡುವ ಮೊದಲು ಇದನ್ನು ಕೇಳಿಕೊಳ್ಳಲೇಬೇಕು. ಮಾರಾಟಕ್ಕೆ ಬೆಳೆಯುವ ಮಲ್ಲಿಗೆಗೆ ಮೊಗ್ಗು ಕೊರೆಯುವ ಹುಳು, ನುಸಿ ಎಂದು ಔಷಧಿ ಹೊಡೆಯುತ್ತಾರೆ. ಮುಡಿಯಲು ಅದು ನಡೆದೀತು, ಹೊಟ್ಟೆಗೆ ಸಲ್ಲದು. ಹಾಗಾಗಿ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಸಂತೆಯಲ್ಲಿ ಮಾರಿನ ಲೆಕ್ಕದಲ್ಲಿ ಕೊಂಡ ಕಟ್ಟಿದ ಹೂವು ಇದಕ್ಕೆ ಬೇಡ. ಅದಕ್ಕೆ ಹಲವು ಸಲ ನೀರು ಚಿಮುಕಿಸಿರುತ್ತಾರೆ, ಹಲವು ಕೈ ಮುಟ್ಟಿರುತ್ತವೆ. ಮನೆಯ ಹಿತ್ತಲ ಬಳ್ಳಿ ಅಥವಾ ಕುಂಡದ ಗಿಡ ಇದ್ದರೆ ಅದೇ ಉತ್ತಮ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಹೂವಿನ ತೋಟದವರು ಪರಿಚಯವಿದ್ದರೆ ಔಷಧಿ ಹೊಡೆಯದ ಸಾಲಿನಿಂದ ಬಿಡಿಸಿಕೊಡಲು ಕೇಳಿ. ಬೇಕಾಗುವುದು ಒಂದು ಬೊಗಸೆ ಮೊಗ್ಗು, ಅಷ್ಟೇ.

ಬಿರಿಯಲು ಸಿದ್ಧವಾಗಿರುವ ಬಿಳಿ ಮೊಗ್ಗುಗಳನ್ನೇ ಆರಿಸಿ. ಹಸಿರು ಮೊಗ್ಗಿಗೆ ಘಮ ಬಂದಿರುವುದಿಲ್ಲ, ಪೂರ್ತಿ ಅರಳಿ ಕೆಂಪಾದ ಹೂವಿನಲ್ಲಿ ಅದು ಉಳಿದಿರುವುದಿಲ್ಲ. ಕಾಕಡ ನೋಡಲು ಮಲ್ಲಿಗೆಯಂತಿದ್ದರೂ ವಾಸನೆ ಸಾಲದು. ಇನ್ನೊಂದು ಎಚ್ಚರಿಕೆ: ಅಂಗಳದಲ್ಲಿ ರಾತ್ರಿ ಘಮ್ಮೆನ್ನುವ ರಾತ್ರಿರಾಣಿ ಮಲ್ಲಿಗೆಯ ಜಾತಿಯೇ ಅಲ್ಲ, ಆ ಗಿಡ ವಿಷಕಾರಿ. ಅದನ್ನು ಯಾವ ಕಾರಣಕ್ಕೂ ಬಳಸಬೇಡಿ.

ಹಿಂದಿನ ಸಂಜೆಯ ಕೆಲಸ

ಮೊಗ್ಗುಗಳನ್ನು ಒಮ್ಮೆ ನೀರಲ್ಲಿ ಅದ್ದಿ ತೆಗೆದು, ಹತ್ತಿ ಬಟ್ಟೆಯ ಮೇಲೆ ಹರವಿ ಫ್ಯಾನ್ ಕೆಳಗೆ ಆರಿಸಿ. ತೇವ ಒಂದಿಷ್ಟೂ ಇರಬಾರದು. ಪೂರ್ತಿ ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಎರಡು ಚಮಚ ಗ್ರೀನ್ ಟೀ ಹರಡಿ, ಮೇಲೆ ಅರ್ಧದಷ್ಟು ಮೊಗ್ಗು, ಮತ್ತೆ ಎರಡು ಚಮಚ ಚಹಾ, ಮತ್ತೆ ಮೊಗ್ಗು ಹಾಕಿ ಬಿಗಿಯಾಗಿ ಮುಚ್ಚಿ. ಚಹಾ ಎಲೆ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಆದ್ದರಿಂದ ಮಸಾಲೆ, ಇಂಗು ಇಟ್ಟಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬೇಡಿ.

ಚಹಾ ಬಿಡಿ ಎಲೆಯದಾಗಿರಲಿ. ನೀಲಗಿರಿಯ ಗ್ರೀನ್ ಟೀ ಈಗ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಸಿಗುತ್ತದೆ. ಟೀ ಬ್ಯಾಗಿನಲ್ಲಿ ಬಹುಪಾಲು ಪುಡಿ ಇರುವುದರಿಂದ ಬೇಗ ಕಹಿ ಬಿಡುತ್ತದೆ. ನಿಂಬೆ, ತುಳಸಿ, ಶುಂಠಿ ಬೆರೆಸಿದ ಗ್ರೀನ್ ಟೀ ತಂದರೆ ಮಲ್ಲಿಗೆ ಹಾಕಿದ್ದೇ ವ್ಯರ್ಥ. ದುಬಾರಿ ಜಪಾನಿ ಮಾಚಾ ಪುಡಿಯ ಅಗತ್ಯವೂ ಇಲ್ಲ.

ಅದೇ ಸಂಜೆ 150 ಮಿಲಿ ಹಾಲನ್ನು ಕಾಯಿಸಿ ಆರಿಸಿ, ಐಸ್ ಟ್ರೇಗೆ ಸುರಿದು ಫ್ರೀಜರಿನಲ್ಲಿಡಿ. ನೀರಿನ ಐಸ್ ಹಾಕಿದರೆ ಶೇಕ್ ತೆಳ್ಳಗಾಗಿ ಘಮ, ರುಚಿ ಎರಡೂ ಸಪ್ಪೆಯಾಗುತ್ತವೆ. ಹಾಲಿನ ಗಡ್ಡೆಗಳೇ ಇದಕ್ಕೆ ಮಂದವಾದ ಮೈ ಕೊಡುವುದು.

ಬೆಳಿಗ್ಗೆ ಡಿಕಾಕ್ಷನ್

ಡಬ್ಬಿ ತೆರೆದ ಕೂಡಲೇ ಘಮ ಮುಖಕ್ಕೆ ಬಡಿಯುತ್ತದೆ. ಬಾಡಿದ ಹೂವನ್ನೆಲ್ಲ ಆರಿಸಿ ತೆಗೆಯಿರಿ. ಹೂವಿನ ತೇವ ಚಹಾಕ್ಕೆ ಇಳಿದಿರುತ್ತದೆ, ಹಾಗೇ ಬಿಟ್ಟರೆ ಬೂಷ್ಟು ಬರುತ್ತದೆ. ಇಂದು ಬೇಕಾದಷ್ಟು ಬಳಸಿ, ಉಳಿದದ್ದನ್ನು ತಟ್ಟೆಯಲ್ಲಿ ಹರವಿ ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿಡಿ. ಘಮ ಇನ್ನೂ ಬೇಕೆನಿಸಿದರೆ ಒಣಗಿದ ಚಹಾಕ್ಕೆ ಮರುರಾತ್ರಿ ಹೊಸ ಮೊಗ್ಗು ಹಾಕಬಹುದು.

ನಮ್ಮ ತಾಲ್ಲೂಕುಗಳಲ್ಲಿ ಬಹಳ ಕಡೆ ಬೋರ್‌ವೆಲ್ ನೀರು ಗಡಸು. ಆ ನೀರಲ್ಲಿ ಚಹಾ ಮಂಕಾಗುತ್ತದೆ, ಮೇಲೆ ತೆಳು ಪೊರೆ ಕಟ್ಟುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಬಳಸಿ.

ಎರಡು ದೊಡ್ಡ ಲೋಟಕ್ಕೆ 120 ಮಿಲಿ ನೀರು ಸಾಕು. ನೀರು ಕುದಿ ಬಂದ ಮೇಲೆ ಇಳಿಸಿ, ಬೇರೆ ಪಾತ್ರೆಗೆ ಸುರಿದು ಐದಾರು ನಿಮಿಷ ಬಿಡಿ. ಕುದಿಯುವ ನೀರಿನಲ್ಲಿ ಗ್ರೀನ್ ಟೀ ಕಹಿಯಾಗುತ್ತದೆ, ಸುಮಾರು 80 ಡಿಗ್ರಿಗೆ ಇಳಿದ ನೀರಿನಲ್ಲಿ ಹದವಾಗಿರುತ್ತದೆ. ಎರಡು ಚಮಚ ಘಮದ ಚಹಾ ಹಾಕಿ ಮುಚ್ಚಿ, ಮೂರು ನಿಮಿಷಕ್ಕೆ ಸೋಸಿ. ಎಲೆಯನ್ನು ಚಮಚದಿಂದ ಒತ್ತಿ ಹಿಂಡಬೇಡಿ. ಬರೀ ಚಹಾವಾಗಿ ಕುಡಿಯಲು ಇದು ಗಟ್ಟಿ ಅನಿಸಬಹುದು, ಆದರೆ ಹಾಲಿನ ಪ್ರೋಟೀನು ಚಹಾದ ಒಗರನ್ನು ಹಿಡಿದುಕೊಳ್ಳುವುದರಿಂದ ಶೇಕಿಗೆ ಇಷ್ಟು ಗಟ್ಟಿ ಬೇಕು. ಬಿಸಿಯಿರುವಾಗಲೇ ನಾಲ್ಕು ಚಮಚ ಸಕ್ಕರೆ ಕದಡಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೆಲ್ಲ ಬೇಡ, ಅದರ ವಾಸನೆ ಹೂವಿನದ್ದನ್ನು ಅಡಗಿಸುತ್ತದೆ.

ಕಡೆಯುವುದು

ಮಿಕ್ಸಿ ಜಾರಿಗೆ ತಣ್ಣಗಾದ ಡಿಕಾಕ್ಷನ್, 200 ಮಿಲಿ ತಂಪು ಹಾಲು, ಅರ್ಧ ಗಂಟೆ ನೆನೆಸಿದ ಏಳೆಂಟು ಗೋಡಂಬಿ, ಹಾಲಿನ ಗಡ್ಡೆ, ಚಿಟಿಕೆ ಉಪ್ಪು ಹಾಕಿ ನುಣ್ಣಗೆ ತಿರುವಿ. ಗೋಡಂಬಿ ಇಲ್ಲದಿದ್ದರೆ ಎರಡು ಚಮಚ ಹಾಲಿನ ಪುಡಿಯೂ ಆದೀತು. ಎಮ್ಮೆ ಹಾಲು ಸಿಗುವ ಮನೆಗಳಲ್ಲಿ ಅದನ್ನೇ ಬಳಸಿ. ಹೂವಿನ ಘಮ ಜಿಡ್ಡಿನಲ್ಲಿ ಚೆನ್ನಾಗಿ ನಿಲ್ಲುತ್ತದೆ, ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು. ಪ್ಯಾಕೆಟ್ ಹಾಲಾದರೆ ಕೊಬ್ಬು ಜಾಸ್ತಿ ಇರುವುದನ್ನು ತನ್ನಿ.

ಕೆನೆಯನ್ನು ಮಾತ್ರ ಕೊನೆಗೆ ಹಾಕಬೇಕು. ಎರಡು ದೊಡ್ಡ ಚಮಚ ಹೊಸ ಕೆನೆ ಸೇರಿಸಿ ಹತ್ತು ಸೆಕೆಂಡು ತಿರುವಿ ನಿಲ್ಲಿಸಿ. ತಣ್ಣನೆಯ ಕೆನೆಯನ್ನು ಹೆಚ್ಚು ಹೊತ್ತು ತಿರುವಿದರೆ ಬೆಣ್ಣೆ ಕಾಳು ಕಟ್ಟಿ ಬಾಯಿಗೆ ಸಿಗುತ್ತದೆ. ಕರೆಂಟ್ ಹೋಗಿದ್ದರೆ ಕಡಗೋಲು ಇದ್ದೇ ಇದೆ: ಗೋಡಂಬಿ ಬಿಟ್ಟು ಹಾಲಿನ ಪುಡಿ ಬೆರೆಸಿ, ಗಡ್ಡೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಹಾಕಿ, ಆಳದ ಪಾತ್ರೆಯಲ್ಲಿ ಕಡೆಯಿರಿ. ನೊರೆ ಇನ್ನೂ ಚೆನ್ನಾಗಿ ಏಳುತ್ತದೆ.

ಹಾಲಿನದ್ದು ಏನೇ ಮಾಡಿದರೂ ಏಲಕ್ಕಿ ಡಬ್ಬಿಗೆ ಕೈ ಹೋಗುವುದು ನಮ್ಮೆಲ್ಲರ ರೂಢಿ. ಇಲ್ಲಿ ದಯವಿಟ್ಟು ತಡೆಯಿರಿ. ಏಲಕ್ಕಿ, ಕೇಸರಿ, ಬಾಳೆಹಣ್ಣು, ವೆನಿಲಾ ಐಸ್‌ಕ್ರೀಮ್ ಎಲ್ಲವೂ ತಮ್ಮಷ್ಟಕ್ಕೆ ರುಚಿಯೇ, ಆದರೆ ಯಾವುದು ಬಂದರೂ ಮಲ್ಲಿಗೆ ಹಿಂದೆ ಸರಿಯುತ್ತದೆ.

ಕಡೆದ ತಕ್ಷಣ ಕುಡಿಯಬೇಕು. ಫ್ರಿಜ್ಜಿನಲ್ಲಿಟ್ಟರೂ ಎರಡು ತಾಸಿನಲ್ಲಿ ನೊರೆ ಇಳಿದು ಘಮ ತಗ್ಗುತ್ತದೆ. ಡಿಕಾಕ್ಷನ್ ಮಾತ್ರ ಮುಚ್ಚಿಟ್ಟರೆ ಒಂದು ದಿನ ಚೆನ್ನಾಗಿರುತ್ತದೆ, ಆದ್ದರಿಂದ ನೆಂಟರು ಬರುವ ದಿನ ಅದನ್ನು ಮೊದಲೇ ಮಾಡಿಡಬಹುದು.

ಯಾರಿಗೆ ಎಷ್ಟು?

ಗ್ರೀನ್ ಟೀ ಎಂಬ ಹೆಸರು ಕೇಳಿ ಇದು ತೂಕ ಇಳಿಸುವ ಪಾನೀಯ ಎಂದುಕೊಳ್ಳಬೇಡಿ. ಕೆನೆಯೂ ಇದೆ, ಸಕ್ಕರೆಯೂ ಇದೆ. ಸಕ್ಕರೆ ಕಾಯಿಲೆ ಇರುವವರು ಅದೇ ಘಮದ ಚಹಾವನ್ನು ಹಾಲು, ಸಕ್ಕರೆ ಇಲ್ಲದೆ ತಣ್ಣಗೆ ಕುಡಿಯಬಹುದು. ಚಹಾದಲ್ಲಿ ಕೆಫೀನ್ ಇರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ. ಅವರಿಗೆ ಕಾಯಿಸಿ ಆರಿಸಿದ ಹಾಲಿನಲ್ಲಿ ಗೋಡಂಬಿ, ಕೆನೆ, ಸಕ್ಕರೆ ಹಾಕಿ ಬೇರೆಯೇ ಕಡೆದುಕೊಡಿ. ಗರ್ಭಿಣಿಯರು ವೈದ್ಯರನ್ನು ಕೇಳಿ ಕುಡಿಯುವುದು ಒಳಿತು.

ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಒಂದು ವಿಷಯ ಗಮನಿಸಬೇಕು. ಚಹಾವೂ ಹಾಲೂ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಗ್ಗಿಸುತ್ತವೆ. ಊಟದ ಜೊತೆಗೆ, ಮಾತ್ರೆಯ ಆಸುಪಾಸಿನಲ್ಲಿ ಇದನ್ನು ಕುಡಿಯಬೇಡಿ, ಕನಿಷ್ಠ ಎರಡು ತಾಸು ಅಂತರವಿರಲಿ. ಮಧ್ಯಾಹ್ನದ ಊಟ ಕರಗಿ ಬಿಸಿಲು ಇನ್ನೂ ಇಳಿಯದ ನಾಲ್ಕು ಗಂಟೆಯ ಹೊತ್ತು ಸರಿಯಾದ ಸಮಯ.

ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆಯಾದಾಗ ಔಷಧಿ ಕಾಣದ ನಾಟಿ ಗುಲಾಬಿಯ ಎಸಳನ್ನು ಇದೇ ರೀತಿ ಬಳಸಬಹುದು. ಗುಲಾಬಿ ಎಸಳು ಮೊಗ್ಗಿಗಿಂತ ಹೆಚ್ಚು ನೀರು ಬಿಡುತ್ತದೆ. ಹಾಗಾಗಿ ಅರ್ಧ ದಿನ ನೆರಳಲ್ಲಿ ಬಾಡಿಸಿ, ಆಮೇಲೆ ಚಹಾ ಡಬ್ಬಿಗೆ ಹಾಕಿ.