ನೂರು ಪಾಯಿಂಟ್ಸ್ ಮತ್ತು ಸೊಪ್ಪಿನ ಅಜ್ಜಿ

ಮೂರನೇ ಸೆಮ್ ಶುರುವಾದ ತಕ್ಷಣ ಕ್ಲಾಸ್ ಗ್ರೂಪಲ್ಲಿ ಬರೋ ಮೊದಲ ಪ್ರಶ್ನೆ ಸಿಲಬಸ್ ಬಗ್ಗೆ ಇರಲ್ಲ. "ಮಚ್ಚಾ, ಆಕ್ಟಿವಿಟಿ ಪಾಯಿಂಟ್ಸ್‌ಗೆ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ?" ಅನ್ನೋದೇ ಪ್ರಶ್ನೆ. ಹೋದ ವರ್ಷ ನಾನೂ ಹಾಗೇ ಕೇಳಿದ್ದೆ. ಈ ಸಲ ಮೂರನೇ ಸೆಮ್‌ಗೆ ಬರ್ತಿರೋರಿಗೆ ನಮ್ಮ ಟೀಮ್ ಮಾಡಿದ ತಪ್ಪನ್ನೇ ಪಾಠವಾಗಿ ಬರೀತಿದ್ದೀನಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ರೆ ಕ್ಷಮಿಸಿ.

ಮೊದಲು ನಿಯಮ. ವಿಟಿಯು ಕಾಲೇಜಲ್ಲಿ ಮೊದಲ ವರ್ಷಕ್ಕೇ ಸೇರಿದವರು ಡಿಗ್ರಿ ಮುಗಿಯೋ ಒಳಗೆ ಎಐಸಿಟಿಇಯ 100 ಆಕ್ಟಿವಿಟಿ ಪಾಯಿಂಟ್ಸ್ ಗಳಿಸಬೇಕು. ಇದು ಸಿಜಿಪಿಎಗೆ ಸೇರಲ್ಲ, ಆದ್ರೆ ಇದಿಲ್ಲದೆ ಡಿಗ್ರಿನೂ ಸಿಗಲ್ಲ. ಇದರ ಜೊತೆಗೆ 2022ರ ಸ್ಕೀಮ್‌ನಲ್ಲಿ 'ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ' ಅಂತ ಒಂದು ಕ್ರೆಡಿಟ್‌ನ ಪೇಪರ್ ಇದೆ: ಗಿಡ ನೆಟ್ಟು ನೋಡ್ಕೊಳ್ಳೋದು, ಹೆರಿಟೇಜ್ ವಾಕ್, ಸಾವಯವ ಕೃಷಿ ಮತ್ತು ಕಸದ ನಿರ್ವಹಣೆ, ನೀರಿನ ಉಳಿತಾಯ, ಫುಡ್ ವಾಕ್. ಎನ್‌ಎಸ್‌ಎಸ್ ಬೇರೆ. ಅದು ಗಾಂಧೀಜಿ ಜನ್ಮಶತಾಬ್ದಿ ವರ್ಷ, 1969ರ ಸೆಪ್ಟೆಂಬರ್ 24ಕ್ಕೆ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯ್ತು. ಆಗಿನ ಕೇಂದ್ರ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್. ನಾಗರಭಾವಿಯಲ್ಲಿರೋ ಐಸೆಕ್ ಸಂಸ್ಥೆ ಕಟ್ಟಿದವರೂ ಇವರೇ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಕ್ಯಾಂಪ್.

ಅವಕಾಶಕ್ಕೇನೂ ಕಮ್ಮಿ ಇಲ್ಲ. ನಾವು ಅದನ್ನ ಹೇಗೆ ಹಾಳು ಮಾಡ್ತೀವಿ ಅನ್ನೋದನ್ನ ಈಗ ಹೇಳ್ತೀನಿ.

ಎಐಸಿಟಿಇ ಪಟ್ಟಿಯಲ್ಲಿ ಜನರಿಗೆ ಡಿಜಿಟಲ್ ಹಣ ವ್ಯವಹಾರ ಕಲಿಸೋದೂ ಒಂದು ಚಟುವಟಿಕೆ. ನಾವು ಐದು ಜನ, ಎಲ್ಲರೂ ಕಂಪ್ಯೂಟರ್ ಸೈನ್ಸ್. ಇದು ಸುಲಭ ಅಂತ ಒಂದು ಪಿಪಿಟಿ ಮಾಡಿ, ಬ್ಯಾನರ್ ಪ್ರಿಂಟ್ ಹಾಕಿಸಿ, ಶನಿವಾರ ಬೆಳಗ್ಗೆ ಯಶವಂತಪುರ ಮಾರ್ಕೆಟ್ ಕಡೆ ಹೋದ್ವಿ. ರಸ್ತೆ ಬದಿ ತರಕಾರಿ ಮಾರೋರಿಗೆ ಯುಪಿಐ ಹೇಳಿಕೊಡೋ ಪ್ಲಾನು. ಅಲ್ಲಿ ನೋಡಿದ್ರೆ ಪ್ರತಿ ಗಾಡಿ ಮೇಲೂ ಕ್ಯೂಆರ್ ಕೋಡ್. ಮೊದಲನೇ ಗಾಡಿ ಹತ್ರ ನಾವು ಬಾಯಿ ತೆರೆಯೋ ಮುಂಚೆನೇ ಸ್ಪೀಕರ್ ಬಾಕ್ಸ್ ಕನ್ನಡದಲ್ಲಿ ಯಾರದ್ದೋ ಇಪ್ಪತ್ತು ರೂಪಾಯಿ ಬಂತು ಅಂತ ಕೂಗ್ತು. ಗಾಡಿಯವರು ನಗ್ತಾ, "ಏನ್ರಪ್ಪಾ, ಏನ್ ಕೊಡ್ಲಿ?" ಅಂದ್ರು. ಬ್ಯಾನರ್ ಮಡಚಿ ಬ್ಯಾಗಿಗೆ ಹಾಕಿದ್ವಿ. (ಮುನ್ನೂರೈವತ್ತು ರೂಪಾಯಿ ದಂಡ. ಇನ್ನೂ ನನ್ನ ಮಂಚದ ಕೆಳಗಿದೆ.)

ವಾಪಸ್ ಹೊರಡೋವಾಗ ಸೊಪ್ಪು ಮಾರ್ತಿದ್ದ ಅಜ್ಜಿಯೊಬ್ಬರು ಕರೆದ್ರು. "ನೀನು ಇಂಗ್ಲೀಸ್ ಓದಿದ್ದೀಯಲ್ಲಪ್ಪಾ, ಇದೇನು ನೋಡು" ಅಂತ ಫೋನ್ ಕೈಗೆ ಕೊಟ್ರು. ಬ್ಯಾಂಕಿನ ಮೆಸೇಜು, ಒಂದಲ್ಲ, ಸಾಲಾಗಿ ಏಳೆಂಟು. ಅವರು ಬೀದಿ ವ್ಯಾಪಾರಿಗಳ ಸಾಲ ತಗೊಂಡಿದ್ರು, ಪಿಎಂ ಸ್ವನಿಧಿ. 2020ರ ಜೂನ್‌ನಲ್ಲಿ ಬಂದ ಯೋಜನೆ. ಅಡಮಾನ ಬೇಡ, ಆಗ ಮೊದಲ ಸಾಲ 10,000 ರೂಪಾಯಿವರೆಗೆ. ಸರಿಯಾಗಿ ಕಟ್ಟಿದ್ರೆ ಶೇ. 7 ಬಡ್ಡಿ ಸಬ್ಸಿಡಿ, ಮುಂದಿನ ಸಲ ಜಾಸ್ತಿ ಸಾಲ. ಅಜ್ಜಿ ಕಂತಿನ ದುಡ್ಡನ್ನ ತಪ್ಪದೆ ಎತ್ತಿಡ್ತಿದ್ರು. ಆದ್ರೆ ಖಾತೆಗೆ ಹಾಕ್ತಿದ್ದದ್ದು ಕಟ್ ಆಗೋ ದಿನ ಕಳೆದ ಮೇಲೆ. ತಾರೀಖು ಮೆಸೇಜಲ್ಲೇ ಇತ್ತು, ಇಂಗ್ಲಿಷ್‌ನಲ್ಲಿ. ಪ್ರತಿ ಸಲ ಬೌನ್ಸ್, ಪ್ರತಿ ಸಲ ದಂಡ. "ನಾನು ಕಟ್ಟೇ ಕಟ್ತೀನಿ, ಆದ್ರೂ ಯಾಕೆ ಕಟ್ ಮಾಡ್ತಾರೆ?" ಅಂತ ಕೇಳಿದ್ರು.

ನನಗೆ ಪೂರ್ತಿ ಅರ್ಥ ಆಗಿತ್ತು, ಆದ್ರೆ ಹೇಳೋಕೆ ಬರ್ಲಿಲ್ಲ. 'ಆಟೋ ಡೆಬಿಟ್', 'ಮ್ಯಾಂಡೇಟ್', 'ಇನ್‌ಸಫಿಷಿಯಂಟ್ ಬ್ಯಾಲೆನ್ಸ್': ಒಂದಕ್ಕೂ ಬಾಯಲ್ಲಿ ಕನ್ನಡ ಇಲ್ಲ. ಕೊನೆಗೆ ಹಾಸನದ ಫ್ರೆಂಡ್ ಎರಡೇ ವಾಕ್ಯದಲ್ಲಿ ಹೇಳಿದ: "ಅಜ್ಜಿ, ಐದನೇ ತಾರೀಕು ದುಡ್ಡು ತಾನಾಗೇ ಕಟ್ ಆಗುತ್ತೆ. ನಾಲ್ಕಕ್ಕೇ ಹಾಕಿಬಿಡಿ."

ಇದೇ ತಪ್ಪನ್ನ ನಮಗಿಂತ ಬಹಳ ದೊಡ್ಡವರೂ ಮಾಡಿ ತಿದ್ದಿಕೊಂಡಿದ್ದಾರೆ. ನಮ್ಮ ಪಕ್ಕದ ಐಐಎಸ್‌ಸಿಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು 'ಅಸ್ತ್ರ' ಶುರು ಮಾಡಿದ್ರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ. ಹೊಗೆ ಕಮ್ಮಿ ಮಾಡೋ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಅವರು ಕುಣಿಗಲ್ ತಾಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ್ರು. ಮನೆಮನೆಗೆ ಅಡುಗೆ ಗ್ಯಾಸ್ ಕೊಡೋ ಆಸೆ. ಆದ್ರೆ ಎಲ್ಲರ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಊರಿನ ಹೆಂಗಸರನ್ನ ಕೇಳಿದ್ರೆ ಅವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯೋ ನೀರು. ಆಮೇಲೆ ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ ಕರೆಂಟ್ ಮಾಡಿ, ಬೋರ್‌ವೆಲ್ ನೀರು ಎತ್ತಿದ್ರು, ಮನೆಗೆ ಬಲ್ಬ್ ಹಾಕಿದ್ರು. 1987ರಿಂದ ವರ್ಷಗಟ್ಟಲೆ ಅದು ನಡೀತು. ಸಗಣಿ ತಂದವರಿಗೆ ಒಂದಿಷ್ಟು ಕಾಸು, ಗೊಬ್ಬರಕ್ಕೆ ಬಗ್ಗಡ ವಾಪಸ್. ಸ್ಥಾವರ ಅದೇ, ಸಗಣಿ ಅದೇ, ಕೇಳಿದ ಪ್ರಶ್ನೆ ಮಾತ್ರ ಬೇರೆ.

ಸರ್ವಿಸ್ ಲರ್ನಿಂಗ್ ಅಂದ್ರೆ ನನಗೆ ಅರ್ಥ ಆಗಿದ್ದು ಇಷ್ಟು: ಸೇವೆ ಮಾಡ್ತಾ ನಾವು ಓದ್ತಿರೋ ವಿಷಯಕ್ಕೆ ಗಂಟು ಬೀಳಬೇಕು. ರಸ್ತೆ ಗುಡಿಸಿ ಫೋಟೋ ತೆಗೆದ್ರೆ ಸೇವೆ ಇರಬಹುದು (ಪೊರಕೆ ಫೋಟೋಗೆ ಮಾತ್ರ ಹಿಡಿದಿಲ್ಲ ಅಂದ್ರೆ), ಕಲಿಕೆ ಇಲ್ಲ. ನಮ್ಮ ರಿಪೋರ್ಟಲ್ಲಿ ಮೊದಲ ಶನಿವಾರ ಫೇಲ್ ಅಂತಲೇ ಬರೆದ್ವಿ. ಬರೆಯೋದು ಬೇಡ ಅಂತ ಟೀಮಲ್ಲಿ ಜಗಳ ಆಯ್ತು. ಆದ್ರೆ ವೈವಾದಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಅದೊಂದೇ ಪುಟದ ಬಗ್ಗೆ.

ನೀವು ಹೋಗೋದಾದ್ರೆ ಮೊದಲನೇ ವಾರ ಬ್ಯಾನರ್ ಇಲ್ಲದೆ ಹೋಗಿ, ಸೊಪ್ಪು ಕೊಳ್ಳಿ, ಮಾತಾಡಿ. ಬೆಳಗ್ಗೆ ವ್ಯಾಪಾರದ ಹೊತ್ತಲ್ಲಿ ಬೇಡ, ಮಧ್ಯಾಹ್ನ ಬಿಡುವಿರುತ್ತೆ. ಯಾರ ಫೋನಲ್ಲೂ ಪಿನ್ ಒತ್ತಬೇಡಿ, ಒಟಿಪಿ ಕೇಳಬೇಡಿ, ಮೆಸೇಜಿನ ಫೋಟೋ ತೆಗೀಬೇಡಿ. ಓದಿ ಹೇಳಿ, ವಾಪಸ್ ಕೊಡಿ. ಒಂದು ದಿನಕ್ಕೆ ಹೋಗಿ ಮಾಯ ಆಗೋದಾದ್ರೆ ಹೋಗದೇ ಇರೋದೇ ಮೇಲು, ಯಾಕಂದ್ರೆ ಮುಂದಿನ ತಿಂಗಳು ಮೆಸೇಜ್ ಬಂದಾಗ ಅಜ್ಜಿ ನಿಮ್ಮನ್ನೇ ಹುಡುಕ್ತಾರೆ.

ನಾವೀಗ ತಿಂಗಳ ಮೊದಲ ಶನಿವಾರ ಹೋಗ್ತೀವಿ. ಬ್ಯಾಂಕ್ ಮೆಸೇಜಲ್ಲಿ ಬರೋ ಇಪ್ಪತ್ತು ಪದಗಳಿಗೆ ಕನ್ನಡದಲ್ಲಿ ಒಂದು ಚೀಟಿ ಮಾಡಿದ್ದೀವಿ, ದಪ್ಪ ಅಕ್ಷರದಲ್ಲಿ. 'ಆಟೋ ಡೆಬಿಟ್'ಗೆ ನಮ್ಮಲ್ಲೊಬ್ಬಳು 'ಸ್ವಯಂಚಾಲಿತ ಕಡಿತ' ಅಂತ ಬರೆದಿದ್ದಳು. ಅಜ್ಜಿಗೆ ಓದಿ ಹೇಳಿದಾಗ, "ಅದ್ಯಾವ ಭಾಷೆನವ್ವಾ?" ಅಂದ್ರು. ಈಗ ಚೀಟಿಯಲ್ಲಿ 'ತಾನಾಗೇ ಕಟ್ ಆಗೋದು' ಅಂತಿದೆ.